ತಾತಯ್ಯ ವೆಂಕಟಕೃಷ್ಣಯ್ಯನವರು ಮತ್ತು 1908ರ ಪತ್ರಿಕಾ ಕಾನೂನು

ಕನ್ನಡ ಪತ್ರಿಕೋದ್ಯಮದ ಚರಿತ್ರೆಯನ್ನು ಬರೆದವರಲ್ಲಿ ಎಂ. ವೆಂಕಟಕೃಷ್ಣಯ್ಯನವರನ್ನು ನೆನೆಯದವರಿಲ್ಲ. ಮೈಸೂರಿನ ಜನ ಅವರನ್ನು ತಾತಯ್ಯ ಎಂದು ಕರೆದರು. ಪತ್ರಿಕಾಕರ್ತರು ತಮ್ಮ ವೃತ್ತಿಯ ಭೀಷ್ಮನೆಂದರು. ಆದರೆ ಈ ಗೌರವದ ಮಾತುಗಳ ನಡುವೆ ಅವರ ಬದುಕಿನ ಅತ್ಯಂತ ಕಠಿಣವಾದ ನಿರ್ಧಾರವೊಂದು ಬಹುಮಟ್ಟಿಗೆ ಒಂದು ವಾಕ್ಯದ ಉಲ್ಲೇಖವಾಗಿ ಉಳಿದುಬಿಟ್ಟಿದೆ. 1908ರಲ್ಲಿ ಮೈಸೂರು ಸರ್ಕಾರ ಪತ್ರಿಕೆಗಳನ್ನು ನಿರ್ಬಂಧಿಸುವ ಕಾನೂನನ್ನು ತಂದಾಗ ಅವರು ತಮ್ಮ ಪತ್ರಿಕೆಗಳನ್ನು ತಾವೇ ನಿಲ್ಲಿಸಿದರು. ಆಡಳಿತದ ತಪ್ಪನ್ನು ಎತ್ತಿ ಹೇಳುವವನಿಗೆ ರಕ್ಷಣೆ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ಕನ್ನಡ ನಾಡಿನಲ್ಲಿ ಮೊದಲಬಾರಿಗೆ ಇಷ್ಟು ಸ್ಪಷ್ಟವಾಗಿ ಎದುರು ನಿಂತದ್ದು ಆ ಸಂದರ್ಭದಲ್ಲಿ. ಅವರ ಜೀವನವನ್ನು ಈ ಪ್ರಶ್ನೆಯ ಬೆಳಕಿನಲ್ಲಿ ನೋಡುವುದು ಇಲ್ಲಿನ ಉದ್ದೇಶ.

ವೆಂಕಟಕೃಷ್ಣಯ್ಯನವರು ಹುಟ್ಟಿದ್ದು 1844ರಲ್ಲಿ, ಹೆಗ್ಗಡದೇವನಕೋಟೆ ಸೀಮೆಯ ಮಗ್ಗೆ ಗ್ರಾಮದಲ್ಲಿ. ಆಗ ಮೈಸೂರು ಸಂಸ್ಥಾನ ಕಮಿಷನರರ ಆಡಳಿತಕ್ಕೆ ಒಳಪಟ್ಟು ಹದಿಮೂರು ವರ್ಷಗಳಾಗಿದ್ದವು. ಮುಮ್ಮಡಿ ಕೃಷ್ಣರಾಜ ಒಡೆಯರು ಅರಮನೆಯಲ್ಲಿದ್ದರೂ ಅಧಿಕಾರ ಅವರ ಕೈಯಲ್ಲಿರಲಿಲ್ಲ. ಸಂಸ್ಥಾನದ ಮೊದಲ ಕನ್ನಡ ವಾರಪತ್ರಿಕೆಯೆಂದು ಹೆಸರಾದ ‘ಮೈಸೂರು ವೃತ್ತಾಂತ ಬೋಧಿನಿ’ ಭಾಷ್ಯಂ ಭಾಷ್ಯಾಚಾರ್ಯರ ಸಂಪಾದಕತ್ವದಲ್ಲಿ 1859ರಲ್ಲಿ ಹೊರಟಾಗ ವೆಂಕಟಕೃಷ್ಣಯ್ಯನವರಿಗೆ ಹದಿನೈದು ವರ್ಷ. ಅಂದರೆ ಕನ್ನಡದಲ್ಲಿ ಪತ್ರಿಕೆಯೆಂಬ ವಸ್ತುವೂ ಅವರೂ ಹೆಚ್ಚುಕಡಿಮೆ ಒಟ್ಟಿಗೇ ಬೆಳೆದವರು. ಮೈಸೂರಿನಲ್ಲಿ ವಿದ್ಯಾಭ್ಯಾಸ ಮಾಡಿ ಉಪಾಧ್ಯಾಯರಾದ ಅವರು ಮುಂದೆ ಮರಿಮಲ್ಲಪ್ಪನವರ ಶಾಲೆಯ ಮುಖ್ಯೋಪಾಧ್ಯಾಯರಾಗಿ ದೀರ್ಘಕಾಲ ದುಡಿದರು. 1876ರಲ್ಲಿ ಆರಂಭವಾದ ಆ ಶಾಲೆ ದಾನಿಯೊಬ್ಬರ ದತ್ತಿಯಿಂದ ನಡೆಯುತ್ತಿದ್ದದ್ದು. ಸರ್ಕಾರದ ಇಲಾಖೆಯ ಶಾಲೆಯಲ್ಲ. ಈ ವ್ಯತ್ಯಾಸ ಆಗ ಯಾರಿಗೂ ದೊಡ್ಡದಾಗಿ ಕಂಡಿರಲಾರದು. ಮೂವತ್ತು ವರ್ಷಗಳ ತರುವಾಯ ಅದೇ ಅವರ ಬೆನ್ನೆಲುಬಾಯಿತು.

1881ರಲ್ಲಿ ಸಂಸ್ಥಾನ ಒಡೆಯರ ವಂಶಕ್ಕೆ ಮರಳಿ, ಹತ್ತನೆಯ ಚಾಮರಾಜ ಒಡೆಯರು ಪಟ್ಟಕ್ಕೆ ಬಂದರು. ಅದೇ ವರ್ಷದ ಅಕ್ಟೋಬರ್ 7ರಂದು ದಿವಾನ್ ಸಿ. ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದರು. 144 ಮಂದಿ ಸದಸ್ಯರು. ತಾಲ್ಲೂಕಿಗೆ ಒಬ್ಬಿಬ್ಬರಂತೆ ರೈತರು, ಜಿಲ್ಲೆಗೆ ಕೆಲವರಂತೆ ವರ್ತಕರು. ಭಾರತದ ಸಂಸ್ಥಾನಗಳಲ್ಲೇ ಇದು ಮೊದಲನೆಯ ಇಂಥ ಪ್ರಯೋಗವೆಂಬ ಹೆಮ್ಮೆಯ ಮಾತನ್ನು ಎಲ್ಲ ಚರಿತ್ರೆಗಳೂ ಹೇಳುತ್ತವೆ. ಹೆಮ್ಮೆಗೆ ಕಾರಣವಿದೆ. ಆದರೆ ಆ ಸಭೆಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ, ಆಯವ್ಯಯದ ಮೇಲೆ ಮತ ಹಾಕುವ ಅಧಿಕಾರವಿರಲಿಲ್ಲ. ಆರಂಭದ ವರ್ಷಗಳಲ್ಲಿ ಸದಸ್ಯರ ಆಯ್ಕೆಯೂ ಜಿಲ್ಲೆಯ ಅಧಿಕಾರಿವರ್ಗದ ಪ್ರಭಾವದಲ್ಲಿಯೇ ನಡೆಯುತ್ತಿತ್ತು. ದಸರೆಯ ಹೊತ್ತಿಗೆ ಮೈಸೂರಿಗೆ ಬಂದು ದಿವಾನರ ವರದಿಯನ್ನು ಕೇಳುವುದು, ತಮ್ಮ ಸೀಮೆಯ ಕುಂದುಕೊರತೆಗಳನ್ನು ಬಿನ್ನವಿಸುವುದು, ಊರಿಗೆ ಮರಳುವುದು, ಇಷ್ಟೇ ಅದರ ವ್ಯಾಪ್ತಿ.

ಮರಳಿದ ಮೇಲೆ ಏನಾಗುತ್ತಿತ್ತು ಎಂಬುದನ್ನು ಹಾಸನ ಜಿಲ್ಲೆಯ ಕಡೆಯಿಂದ ನೋಡಿದರೆ ಪರಿಸ್ಥಿತಿ ಸ್ಪಷ್ಟವಾಗುತ್ತದೆ. ಹಾಸನದಿಂದ ಅರಸೀಕೆರೆಗೆ ಹೋಗುವ ಹಾದಿಯ ಬಳಿಯ ಕೊರವಂಗಲವನ್ನು ಸಂಶೋಧಕರು ಅಲ್ಲಿನ ಹೊಯ್ಸಳರ ಕಾಲದ ಬೂಚೇಶ್ವರ ದೇವಾಲಯದಿಂದ ಬಲ್ಲರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಂಥ ಒಂದು ಹಳ್ಳಿಯ ಬೇಸಾಯಗಾರನಿಗೆ ಸರ್ಕಾರವೆಂದರೆ ಪಟೇಲ, ಶಾನುಭೋಗ, ಶೇಕದಾರ, ಅವರ ಮೇಲೆ ಅಮಲ್ದಾರ. ಕಂದಾಯದ ವಸೂಲಿ, ಕೆರೆಯ ನೀರಿನ ಹಂಚಿಕೆ, ದರಖಾಸ್ತಿನ ವಿಲೇವಾರಿ ಎಲ್ಲವೂ ಅವರ ಕೈಯಲ್ಲಿದ್ದವು. ಹಾಸನ, ಅರಕಲಗೂಡು, ಚನ್ನರಾಯಪಟ್ಟಣ, ಹೊಳೆನರಸೀಪುರಗಳ ಪ್ರತಿನಿಧಿ ಮೈಸೂರಿನ ಸಭಾಮಂದಿರದಲ್ಲಿ ಅಮಲ್ದಾರನ ಮೇಲೆ ದೂರು ಹೇಳಿದನೆಂದರೆ ಮುಂದಿನ ವಾರ ಅದೇ ಅಮಲ್ದಾರನ ಕಚೇರಿಯ ಮುಂದೆ ಅವನು ಕೈಕಟ್ಟಿ ನಿಲ್ಲಬೇಕು. ದೂರನ್ನು ಆಲಿಸುವ ವ್ಯವಸ್ಥೆಯನ್ನು ರಂಗಾಚಾರ್ಲು ಅವರು ಮಾಡಿದರು. ದೂರು ಹೇಳಿದವನನ್ನು ಕಾಯುವ ವ್ಯವಸ್ಥೆ ಅದರೊಳಗೆ ಇರಲಿಲ್ಲ.

ಎಲ್ಲರ ಸ್ಥಿತಿಯೂ ಹೀಗೆಯೇ ಇತ್ತೆಂದು ತಿಳಿಯಬೇಕಾಗಿಲ್ಲ. ಇದೇ ಜಿಲ್ಲೆಯ ಮಂಜರಾಬಾದು ಸೀಮೆಯಲ್ಲಿ ಕಾಫಿ ತೋಟ ಮಾಡಿಕೊಂಡಿದ್ದ ರಾಬರ್ಟ್ ಎಲಿಯಟ್ ಎಂಬ ಬ್ರಿಟಿಷ್ ತೋಟಗಾರ ಪ್ರಜಾಪ್ರತಿನಿಧಿ ಸಭೆಯ ಕಲಾಪದಲ್ಲಿ ಭಾಗವಹಿಸಿದವನು. ಮೈಸೂರಿನ ಚಿನ್ನ, ಬೇಟೆ, ಕಾಫಿ ಬೇಸಾಯಗಳನ್ನು ಕುರಿತ ಅವನ ಗ್ರಂಥ 1894ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಸಂಸ್ಥಾನದ ಆಡಳಿತದ ಬಗೆಗಿನ ಅವನ ಅಭಿಪ್ರಾಯಗಳು ಅಲ್ಲಿ ನಿರಾತಂಕವಾಗಿ ಅಚ್ಚಾದವು. ತೋಟಗಾರರಿಗೆ ತಮ್ಮದೇ ಸಂಘಗಳಿದ್ದವು, ರೆಸಿಡೆಂಟರ ಬಾಗಿಲು ತೆರೆದಿತ್ತು. ಆ ತೋಟಗಳಲ್ಲಿ ಮುಂಗಡ ಹಣದ ಋಣಕ್ಕೆ ಸಿಕ್ಕಿ ದುಡಿಯುತ್ತಿದ್ದ ಕೂಲಿಯವರಿಗಾಗಲೀ ಬಯಲುಸೀಮೆಯ ರೈತನಿಗಾಗಲೀ ಇಂಥ ಹಾದಿಗಳಿರಲಿಲ್ಲ. ಅವರ ಪಾಲಿಗೆ ಸಭೆಯ ಹೊರಗೆ ಉಳಿದದ್ದು ಒಂದೇ, ಕನ್ನಡ ಪತ್ರಿಕೆ. ಅದನ್ನೂ ಓದಬಲ್ಲವರು ಓದಿ ಹೇಳಬೇಕಾಗಿತ್ತು.

ವೆಂಕಟಕೃಷ್ಣಯ್ಯನವರು ಪತ್ರಿಕಾಕ್ಷೇತ್ರಕ್ಕೆ ಇಳಿದದ್ದು 1880ರ ದಶಕದಲ್ಲಿ. ‘ಹಿತಬೋಧಿನಿ’ಯೆಂಬ ಮಾಸಪತ್ರಿಕೆಯೊಡನೆ ಅವರ ಹೆಸರು ಮೊದಲಿಗೆ ಸೇರಿಕೊಂಡಿತು, ಆಮೇಲೆ ಬಂದದ್ದು ‘ವೃತ್ತಾಂತ ಚಿಂತಾಮಣಿ’. ಇಂಗ್ಲಿಷಿನಲ್ಲಿ ‘ಮೈಸೂರ್ ಹೆರಾಲ್ಡ್’ ಹೊರಟಿತು. ಹೆಸರುಗಳನ್ನು ಪಟ್ಟಿಮಾಡುವುದಕ್ಕಿಂತ ಈ ಪತ್ರಿಕೆಗಳು ಯಾವ ಕೆಲಸ ಮಾಡಿದವೆಂಬುದು ಮುಖ್ಯ. ಮೊದಲಿನ ನಿಯತಕಾಲಿಕೆ ವಿದ್ಯೆ, ನೀತಿ, ಆರೋಗ್ಯಗಳ ಹಿತವಚನಕ್ಕೆ ಮೀಸಲಾಗಿತ್ತು. ‘ಚಿಂತಾಮಣಿ’ಯಲ್ಲಿ ಅವರು ಆಡಳಿತದ ಕಡೆಗೆ ತಿರುಗಿದರು. ಇದು ಉಪಾಧ್ಯಾಯರೊಬ್ಬರು ಪ್ರಜೆಯಾದ ಬಗೆ. ಅಂದಿನ ದೇಶಭಾಷಾ ಪತ್ರಿಕೆಗಳಲ್ಲಿ ಊರೂರುಗಳಿಂದ ಬಂದ ಕಾಗದಗಳನ್ನು ಬರೆದವರ ನಿಜವಾದ ಹೆಸರಿಲ್ಲದೆ, ಊರಿನ ಹೆಸರಿನಿಂದಲೋ ಕಲ್ಪಿತವಾದ ಅಂಕಿತದಿಂದಲೋ ಅಚ್ಚುಹಾಕುವ ರೂಢಿಯಿತ್ತು. ಈ ರೂಢಿಯನ್ನು ಸಾಹಿತ್ಯ ಚರಿತ್ರೆಕಾರರು ಕಾವ್ಯನಾಮದ ಒಂದು ಬಗೆಯೆಂದು ನೋಡಿ ಮುಂದೆ ಸಾಗುವುದುಂಟು. ಅದು ಕಾವ್ಯನಾಮವಲ್ಲ, ರಕ್ಷಾಕವಚ. ಶೇಕದಾರನ ಲಂಚವನ್ನು ಕುರಿತು ಬರೆದವನ ಹೆಸರು ಸಂಪಾದಕನ ಎದೆಯಲ್ಲಿ ಉಳಿಯುತ್ತಿತ್ತು; ಅಚ್ಚಾದ ಮಾತಿನ ಹೊಣೆ ಸಂಪಾದಕನ ತಲೆಯ ಮೇಲೆ ಬರುತ್ತಿತ್ತು. ಹೀಗೆ ನೂರಾರು ಹೆಸರಿಲ್ಲದ ದೂರುಗಾರರ ಬದಲಿಗೆ ಹೆಸರುಳ್ಳ ಒಬ್ಬ ವ್ಯಕ್ತಿ ಪ್ರಭುತ್ವದ ಮುಂದೆ ನಿಲ್ಲುತ್ತಿದ್ದನು. ಮೈಸೂರು ನಗರದಲ್ಲಿ ಬಹುಕಾಲ ಹಾಗೆ ನಿಂತವರು ವೆಂಕಟಕೃಷ್ಣಯ್ಯನವರು.

1883ರಿಂದ 1901ರವರೆಗೆ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತಕ್ಕೆ ಈ ಪತ್ರಿಕೆಗಳು ದೊಡ್ಡ ಕಂಟಕವಾದವು. ಶಿವನಸಮುದ್ರದ ವಿದ್ಯುತ್ತು, ರೈಲುದಾರಿ, ಚಿನ್ನದ ಗಣಿ ಇವೆಲ್ಲ ಆ ಕಾಲದ ಸಾಧನೆಗಳು. ಅಧಿಕಾರದ ಕೇಂದ್ರೀಕರಣವೂ ಆ ಕಾಲದ್ದೇ. ಮದರಾಸಿನ ಕಡೆಯಿಂದ ಬಂದವರಿಗೆ ಉನ್ನತ ಹುದ್ದೆಗಳು ಹೋಗುತ್ತಿವೆ, ಮೈಸೂರು ಮೈಸೂರಿನವರದಾಗಬೇಕು ಎಂಬ ಕೂಗಿಗೆ ವೆಂಕಟಕೃಷ್ಣಯ್ಯನವರು ಮುಂದಾಳಾದರು. ಪ್ರಜಾಪ್ರತಿನಿಧಿ ಸಭೆಯಲ್ಲಿಯೂ ಅವರ ದನಿ ಕೇಳಿಬಂದಿತು. ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಈ ಹೋರಾಟದ ಬಹುಪಾಲು ವಿದ್ಯಾವಂತ ಮೇಲುವರ್ಗದೊಳಗಿನ ಉದ್ಯೋಗದ ವ್ಯಾಜ್ಯವಾಗಿತ್ತು. ಸ್ಥಳೀಯ ಬ್ರಾಹ್ಮಣರು, ಮದರಾಸಿನ ಬ್ರಾಹ್ಮಣರು ಇವರ ನಡುವಣ ಪೈಪೋಟಿಯಲ್ಲಿ ಒಕ್ಕಲಿಗ, ಲಿಂಗಾಯತ, ಮುಸಲ್ಮಾನ, ಅಸ್ಪೃಶ್ಯ ಸಮುದಾಯಗಳ ಹಕ್ಕಿನ ವಿಷಯ ಹಿಂದೆ ಸರಿಯಿತು. ಅದು ಮುನ್ನೆಲೆಗೆ ಬರಲು 1917ರ ಪ್ರಜಾಮಿತ್ರ ಮಂಡಳಿ, ಅನಂತರದ ಮಿಲ್ಲರ್ ಸಮಿತಿಗಳವರೆಗೆ ಕಾಯಬೇಕಾಯಿತು. ತಾತಯ್ಯನವರನ್ನು ಎಲ್ಲ ಹಕ್ಕುಗಳ ಕಾವಲುಗಾರನೆಂದು ಚಿತ್ರಿಸುವುದು ಅಭಿಮಾನದ ಅತಿರೇಕವಾದೀತು. ಅವರ ಸಾಧನೆ ಬೇರೆ ಬಗೆಯದು. ಸರ್ಕಾರವನ್ನು ಮುದ್ರಿತ ಅಕ್ಷರದಲ್ಲಿ, ಸತತವಾಗಿ, ಸ್ವಂತ ಹೆಸರಿನಲ್ಲಿ ಟೀಕಿಸಬಹುದು ಎಂಬ ರೂಢಿಯನ್ನು ಅವರು ನಿಲ್ಲಿಸಿದರು. ಆ ರೂಢಿಯ ಫಲವನ್ನು ಮುಂದೆ ಅವರ ಎದುರಾಳಿಗಳೂ ಉಂಡರು.

1906ರಲ್ಲಿ ವಿ.ಪಿ. ಮಾಧವರಾಯರು ದಿವಾನರಾದರು. ಮರುವರ್ಷ ನ್ಯಾಯವಿಧಾಯಕ ಸಭೆ ಏರ್ಪಟ್ಟಿತು. ಒಂದು ಕಡೆ ಪ್ರಾತಿನಿಧ್ಯ ವಿಸ್ತಾರವಾಗುತ್ತಿರಲು ಇನ್ನೊಂದು ಕಡೆ ಬಂಗಾಳ ವಿಭಜನೆಯ ತರುವಾಯದ ಕಾವು ದೇಶವನ್ನೆಲ್ಲ ವ್ಯಾಪಿಸಿತ್ತು. 1908ರ ಜೂನ್ ತಿಂಗಳಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಪತ್ರಿಕೆಗಳ ಮೇಲೆ ಹೊಸ ಶಾಸನ ಬಂದಿತು. ಅದೇ ತಿಂಗಳಲ್ಲಿ ಬಾಲಗಂಗಾಧರ ತಿಲಕರ ಬಂಧನವಾಯಿತು, ಮುಂದಿನ ತಿಂಗಳು ಆರು ವರ್ಷಗಳ ಶಿಕ್ಷೆಯಾಯಿತು. ಮೈಸೂರಿನ ಕಾನೂನು ಬಂದದ್ದು ಇದೇ ವರ್ಷ. ಮೈಸೂರಿನಲ್ಲಿ ಬಾಂಬಿನ ಚಳವಳಿಯೇನೂ ಇರಲಿಲ್ಲ; ಇದ್ದದ್ದು ಅಮಲ್ದಾರರ, ಇಲಾಖೆಗಳ, ದಿವಾನರ ಟೀಕೆ. ಆದರೂ ಇಲ್ಲಿಯ ಕಾನೂನು ಒಂದು ವಿಷಯದಲ್ಲಿ ಬ್ರಿಟಿಷರ ಕಾನೂನಿಗಿಂತ ಮುಂದೆ ಹೋಯಿತು. ಅಲ್ಲಿಯದು ಹಿಂಸೆಗೆ ಪ್ರಚೋದಿಸಿದ ಬರವಣಿಗೆಗೆ ಶಿಕ್ಷೆ ವಿಧಿಸುವಂಥದು. ಇಲ್ಲಿಯದು ಪತ್ರಿಕೆ ನಡೆಸಬೇಕಾದರೆ ಸರ್ಕಾರದ ಅನುಮತಿ ಪಡೆಯಬೇಕೆಂದು ವಿಧಿಸಿತು. ಕೊಟ್ಟ ಅನುಮತಿಯನ್ನು ಸರ್ಕಾರ ಹಿಂತೆಗೆದುಕೊಳ್ಳಬಹುದಾಗಿತ್ತು, ನ್ಯಾಯಾಲಯದಲ್ಲಿ ಅದನ್ನು ಪ್ರಶ್ನಿಸುವ ದಾರಿ ಪತ್ರಿಕಾಕರ್ತನಿಗೆ ಇರಲಿಲ್ಲ.

ಈ ವ್ಯತ್ಯಾಸ ಬರಿಯ ತಾಂತ್ರಿಕವಾದುದಲ್ಲ. ಶಿಕ್ಷೆಯ ಕಾನೂನಿನಡಿ ಬರೆದವನು ಆರೋಪಿಯಾಗುತ್ತಾನೆ, ಅವನ ಮೇಲೆ ವಿಚಾರಣೆ ನಡೆಯಬೇಕು, ಅವನು ಬರೆದದ್ದು ನಿಜವೇ ಎಂಬ ಮಾತು ಅಲ್ಲೆಲ್ಲೋ ಏಳುತ್ತದೆ. ತಿಲಕರು ಸೋತರೂ ನ್ಯಾಯಾಲಯದಲ್ಲಿ ಮಾತಾಡಿ ಸೋತರು. ಅನುಮತಿಯ ಕಾನೂನಿನಲ್ಲಿ ವಿಚಾರಣೆಯೇ ಇಲ್ಲ. ಯಾರ ಅಕ್ರಮವನ್ನು ಬಯಲಿಗೆ ತರಬೇಕಾಗಿದೆಯೋ ಅವರ ಮೇಲಧಿಕಾರಿಗಳಿಂದಲೇ ಬಯಲಿಗೆ ತರುವುದಕ್ಕೆ ಅಪ್ಪಣೆ ಪಡೆಯಬೇಕು. ಸತ್ಯಾಸತ್ಯದ ಪ್ರಶ್ನೆ ಉದ್ಭವಿಸುವ ಮೊದಲೇ ಮಾತು ನಿಲ್ಲುತ್ತದೆ. ಹಳ್ಳಿಯ ಕಾಗದಗಾರನ ಹೆಸರನ್ನು ತನ್ನ ಹೆಸರಿನ ಹಿಂದೆ ಅಡಗಿಸಿಕೊಂಡಿದ್ದ ಸಂಪಾದಕನನ್ನೇ ಪರವಾನಗಿಯ ಹಂಗಿಗೆ ತಂದರೆ ಆ ಕಾಗದಗಾರನ ಗತಿಯೇನೆಂಬುದನ್ನು ವಿವರಿಸಬೇಕಾಗಿಲ್ಲ.

ವೆಂಕಟಕೃಷ್ಣಯ್ಯನವರಿಗೆ ಆಗ ಅರವತ್ತನಾಲ್ಕು ವರ್ಷ. ಅವರ ಮುಂದೆ ದಾರಿಗಳಿಲ್ಲದಿರಲಿಲ್ಲ. ಅರ್ಜಿ ಹಾಕಿದ್ದರೆ ಅವರಂಥ ಹಿರಿಯರಿಗೆ ಅನುಮತಿ ಸಿಕ್ಕುವುದು ಕಷ್ಟವಾಗುತ್ತಿರಲಿಲ್ಲವೆಂದು ಊಹಿಸಬಹುದು. ಟೀಕೆಯ ಮೊನೆಯನ್ನು ಸ್ವಲ್ಪ ಮೊಂಡಾಗಿಸಿದ್ದರೆ ಸಾಕಾಗುತ್ತಿತ್ತು. ಅವರು ‘ವೃತ್ತಾಂತ ಚಿಂತಾಮಣಿ’ಯನ್ನೂ ‘ಮೈಸೂರ್ ಹೆರಾಲ್ಡ್’ ಪತ್ರಿಕೆಯನ್ನೂ ನಿಲ್ಲಿಸಿದರು. ಎಂ. ಶ್ರೀನಿವಾಸ ಅಯ್ಯಂಗಾರ್ಯರ ‘ನಡೆಗನ್ನಡಿ’ಯೂ ಅದೇ ಹಾದಿ ಹಿಡಿಯಿತು. ಇಪ್ಪತ್ತು ವರ್ಷಗಳಿಗೂ ಮೀರಿ ಕಟ್ಟಿದ ಓದುಗರ ಬಳಗ, ಚಂದಾದಾರರ ಪಟ್ಟಿ, ಛಾಪಖಾನೆಯ ನೌಕರರ ಜೀವನ ಎಲ್ಲವೂ ಆ ನಿರ್ಧಾರದಲ್ಲಿ ಸೇರಿದ್ದವು. ಪತ್ರಿಕೆಯನ್ನು ನಿಲ್ಲಿಸುವುದು ಪ್ರತಿಭಟನೆಯ ವಿಚಿತ್ರವಾದ ರೂಪ. ಸರ್ಕಾರ ಬಯಸಿದ ಮೌನವನ್ನು ಪತ್ರಿಕಾಕರ್ತನೇ ಒಪ್ಪಿಸಿಬಿಟ್ಟಂತೆ ಅದು ಹೊರಗಿನವರಿಗೆ ಕಾಣಬಹುದು. ಆದರೆ ಆ ಮೌನಕ್ಕೆ ಕಾರಣ ಯಾರೆಂಬುದು ಊರಿಗೆಲ್ಲ ತಿಳಿದಿತ್ತು. ಅಪ್ಪಣೆ ಪಡೆದು ಮೆತ್ತಗೆ ಬರೆದಿದ್ದರೆ ಕಾನೂನು ಕೆಲಸ ಮಾಡುತ್ತಿರುವುದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಇಷ್ಟು ಮಾಡಿಯೂ ಅವರು ಉಳಿದದ್ದು ಹೇಗೆ? ಚರಿತ್ರೆಕಾರರು ಅವರ ಧೈರ್ಯದ ಕಡೆಗೆ ಬೆರಳು ತೋರುತ್ತಾರೆ. ಧೈರ್ಯವಿತ್ತು, ಸಂದೇಹವಿಲ್ಲ, ಅದೊಂದೇ ಸಾಕಾಗುತ್ತಿರಲಿಲ್ಲ. ಅವರ ಅನ್ನ ಸರ್ಕಾರದ ಸಂಬಳದಿಂದ ಬರುತ್ತಿರಲಿಲ್ಲ. ದತ್ತಿಯ ಶಾಲೆಯ ಮುಖ್ಯೋಪಾಧ್ಯಾಯರನ್ನು ದೂರದ ಊರಿಗೆ ವರ್ಗ ಮಾಡುವುದು ದಿವಾನರ ಕಚೇರಿಗೆ ಸಾಧ್ಯವಿರಲಿಲ್ಲ. ಅವರ ಕೈಯಲ್ಲಿ ಓದಿದವರು ಕಚೇರಿ, ನ್ಯಾಯಾಲಯ, ಶಾಲೆಗಳಲ್ಲೆಲ್ಲ ಹರಡಿಕೊಂಡಿದ್ದರು. ಬಡ ವಿದ್ಯಾರ್ಥಿಗಳಿಗೂ ಅನಾಥ ಮಕ್ಕಳಿಗೂ ಆಸರೆಯಾದ ಮೈಸೂರಿನ ಅನಾಥಾಲಯ ಅವರ ಶ್ರಮದಿಂದ ಬೆಳೆದದ್ದು. ಆ ಸೇವೆಯಿಂದ ಊರಿನಲ್ಲಿ ಅವರಿಗೆ ದೊರೆತಿದ್ದ ಗೌರವವನ್ನು ಯಾವ ಆಜ್ಞೆಯಿಂದಲೂ ಹಿಂತೆಗೆಯಲಾಗುತ್ತಿರಲಿಲ್ಲ. ವಯಸ್ಸು, ಜಾತಿಯ ಸ್ಥಾನಮಾನ, ಅರಮನೆಯವರೂ ಮನ್ನಿಸುವ ಸಚ್ಚಾರಿತ್ರ್ಯ ಇವೂ ಜೊತೆಗಿದ್ದವು. ಇವೆಲ್ಲ ಸೇರಿ ಅವರ ಕೋಟೆಯಾಯಿತು. ಆದರೆ ಇದರಲ್ಲಿ ಒಂದೂ ಕಾನೂನು ಕೊಟ್ಟ ರಕ್ಷಣೆಯಲ್ಲ, ಒಂದನ್ನೂ ಇನ್ನೊಬ್ಬರಿಗೆ ದಾಟಿಸಲು ಬರುವುದಿಲ್ಲ. ಸಣ್ಣ ಪಟ್ಟಣವೊಂದರಲ್ಲಿ ಕೈಯಚ್ಚಿನ ಯಂತ್ರವಿಟ್ಟುಕೊಂಡ ಸಂಪಾದಕನಿಗೆ, ಇಲಾಖೆಯೊಳಗಿನ ಗುಮಾಸ್ತನಿಗೆ, ಕೊರವಂಗಲದ ಸುತ್ತಿನ ರೈತನಿಗೆ ಈ ಕೋಟೆಯಲ್ಲಿ ಜಾಗವಿರಲಿಲ್ಲ.

ಈ ಅಂತರ ಮೈಸೂರಿನ ದಿವಾನಗಿರಿಯೊಂದಿಗೆ ಮುಗಿದುಹೋದ ಸಂಗತಿಯಲ್ಲ. ಮಾನವ ಹಕ್ಕುಗಳ ರಕ್ಷಕರನ್ನು ಕುರಿತ ಘೋಷಣೆಯನ್ನು ವಿಶ್ವಸಂಸ್ಥೆಯ ಮಹಾಸಭೆ ಅಂಗೀಕರಿಸಿದ್ದು 1998ರಲ್ಲಿ. ವ್ಯಾಪಾರ ಸಂಸ್ಥೆಗಳಿಗೂ ಈ ವಿಷಯದಲ್ಲಿ ಹೊಣೆಯುಂಟೆಂಬ ಮಾರ್ಗದರ್ಶಿ ತತ್ತ್ವಗಳು ಬಂದದ್ದು 2011ರಲ್ಲಿ. ಈ ಎರಡರ ನಡುವೆ, 2005ರ ನವೆಂಬರಿನಲ್ಲಿ, ವೆಂಕಟಕೃಷ್ಣಯ್ಯನವರ ಮೈಸೂರಿನಲ್ಲಿಯೇ ಎಂಜಿನಿಯರಿಂಗ್ ಓದಿದ್ದ ತೈಲ ಸಂಸ್ಥೆಯ ಅಧಿಕಾರಿ ಷಣ್ಮುಗಂ ಮಂಜುನಾಥ್ ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಪೆಟ್ರೋಲ್ ಬಂಕಿನ ಕಲಬೆರಕೆಯನ್ನು ಹಿಡಿದದ್ದಕ್ಕಾಗಿ ಕೊಲೆಯಾದರು. ಆಗ ಅವರಿಗೆ ಇಪ್ಪತ್ತೇಳು ವರ್ಷ. ತಾತಯ್ಯನವರಿಗಿದ್ದ ಹಿರಿತನವಾಗಲೀ ಊರಿನ ಬಲವಾಗಲೀ ಬೆನ್ನಿಗಿರಲಿಲ್ಲ. ಅಕ್ರಮ ಬಯಲಿಗೆಳೆಯುವವರ ರಕ್ಷಣೆಯ ಕೇಂದ್ರ ಶಾಸನಕ್ಕೆ 2014ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿದ್ದರೂ ಹತ್ತು ವರ್ಷ ಕಳೆಯುವವರೆಗೆ ಅದನ್ನು ಜಾರಿಗೆ ತರುವ ಅಧಿಸೂಚನೆ ಹೊರಡಲಿಲ್ಲ. 1908ರ ನಿರ್ಬಂಧದ ಕಾನೂನಿಗೆ ಇಂಥ ವಿಳಂಬ ತಟ್ಟಿರಲಿಲ್ಲ.

ಪತ್ರಿಕೆ ನಿಂತ ಮೇಲೆಯೂ ವೆಂಕಟಕೃಷ್ಣಯ್ಯನವರ ಲೇಖನಿ ನಿಲ್ಲಲಿಲ್ಲ. ಅವರ ಕಥನ ಕೃತಿಗಳಲ್ಲಿ ‘ಪರಂತಪ ವಿಜಯ’, ‘ಚೋರಗ್ರಹಣ ತಂತ್ರ’ಗಳನ್ನು ಕನ್ನಡ ಗದ್ಯದ ಬೆಳವಣಿಗೆಯಲ್ಲಿ ಆಸಕ್ತರಾದವರು ಬಲ್ಲರು. ಎರಡನೆಯದರ ಹೆಸರೇ ಹೇಳುವಂತೆ ಕಳ್ಳನನ್ನು ಹಿಡಿಯುವ ಉಪಾಯಗಳಲ್ಲಿ ಈ ಸಾತ್ವಿಕ ಉಪಾಧ್ಯಾಯರಿಗೆ ಎಂಥದೋ ಕುತೂಹಲವಿತ್ತು. ಈ ಕೃತಿಗಳನ್ನು ಅವರ ಪತ್ರಿಕಾ ಬರವಣಿಗೆಯೊಡನೆ ಒಟ್ಟಿಗಿಟ್ಟು ಓದುವ ಕೆಲಸ ನಡೆಯಬೇಕಾಗಿದೆ.

1912ರಲ್ಲಿ ಎಂ. ವಿಶ್ವೇಶ್ವರಯ್ಯನವರು ದಿವಾನರಾದ ಮೇಲೆ ವಾತಾವರಣ ಸಡಿಲಗೊಂಡಿತು. 1908ರ ಸುಮಾರಿಗೆ ಪತ್ರಿಕಾವೃತ್ತಿಗೆ ಕಾಲಿಟ್ಟು ಆ ಕಾನೂನಿನ ಬಿಸಿಯನ್ನು ತಾರುಣ್ಯದಲ್ಲಿಯೇ ಕಂಡಿದ್ದ ಡಿ.ವಿ. ಗುಂಡಪ್ಪನವರು 1913ರಲ್ಲಿ ‘ಕರ್ನಾಟಕ’ ಎಂಬ ಇಂಗ್ಲಿಷ್ ಪತ್ರಿಕೆಯನ್ನು ಹೊರಡಿಸಿದರು. ವೆಂಕಟಕೃಷ್ಣಯ್ಯನವರ ಹೆಸರೂ ‘ಸಂಪದಭ್ಯುದಯ’, ‘ಸಾಧ್ವಿ’, ‘ಮೈಸೂರ್ ಪೇಟ್ರಿಯಟ್’ ಪತ್ರಿಕೆಗಳೊಡನೆ ಮತ್ತೆ ಕಾಣಿಸಿಕೊಂಡಿತು. ನಾಲ್ವಡಿ ಕೃಷ್ಣರಾಜ ಒಡೆಯರು ಅವರಿಗೆ ದಯಾಸಾಗರ ಎಂಬ ಬಿರುದನ್ನಿತ್ತು ಮನ್ನಿಸಿದರು. ಬಿರುದು ಅವರ ಅನಾಥಸೇವೆಗೆ ಒಪ್ಪುವಂಥದು; ಅವರ ಪತ್ರಿಕಾವೃತ್ತಿಯ ಬಗ್ಗೆ ಆ ಹೆಸರಿನಲ್ಲಿ ಏನೂ ಇಲ್ಲ. ಒಬ್ಬನೇ ವ್ಯಕ್ತಿಯ ಕರುಣೆಯನ್ನು ಗೌರವಿಸಿ ಟೀಕೆಯನ್ನು ಸಹಿಸಿಕೊಳ್ಳುವುದು ಆ ಪ್ರಭುತ್ವದ ಜಾಣ್ಮೆಯಾಗಿತ್ತು.

ಇಲ್ಲಿ ಒಂದು ತೊಡಕಿದೆ. ಅನುಮತಿಯ ಪದ್ಧತಿ ಕೈಬಿಟ್ಟುಹೋದ ಮೇಲೆ ಅವರು ಪತ್ರಿಕೆಗೆ ಮರಳಿದವರಲ್ಲ. ಆಳುವವರು ಬದಲಾದರು, ಅನುಮತಿ ಕೊಡುವ ಕೈ ಉದಾರವಾಯಿತು. ಹಾಗಾದರೆ 1908ರ ನಿಲುವಿನಿಂದ ಅವರು ಹಿಂದೆ ಸರಿದರೆಂದು ತೀರ್ಮಾನಿಸಬೇಕೆ? ಹಾಗೆನ್ನುವುದು ನ್ಯಾಯವಾಗದು. ಪತ್ರಿಕೆಯಿಲ್ಲದ ಪತ್ರಿಕಾಕರ್ತನ ಮೌನ ಕೆಲವು ಕಾಲ ಮಾತಾಡುತ್ತದೆ. ಆಮೇಲೆ ಓದುಗರು ಅದನ್ನು ಮರೆಯುತ್ತಾರೆ, ದೂರು ಹೊತ್ತು ಬರುವವರಿಗೆ ಹೋಗಲು ಮನೆಯಿರುವುದಿಲ್ಲ. ಎಪ್ಪತ್ತರ ಹರೆಯದಲ್ಲಿ ಅವರು ಆ ಮನೆಯ ಬಾಗಿಲನ್ನು ಮತ್ತೆ ತೆರೆದರು. ಆದರೆ ಅದರ ಬೀಗದ ಕೈ ದಿವಾನರ ಕಚೇರಿಯಲ್ಲಿಯೇ ಉಳಿಯಿತೆಂಬುದನ್ನೂ ಗಮನಿಸಬೇಕು. ಉದಾರಿಯಾದ ದಿವಾನರು ಹೋಗಿ ಇನ್ನೊಬ್ಬರು ಬಂದಾಗ ಅದರ ಅರ್ಥ ಕಿರಿಯ ತಲೆಮಾರಿನ ಪತ್ರಿಕಾಕರ್ತರಿಗೆ ತಿಳಿಯಿತು. 1928ರ ಬೆಂಗಳೂರಿನ ಗಣಪತಿ ಗಲಭೆಯ ಸಂದರ್ಭದಲ್ಲಿ ಸರ್ಕಾರವನ್ನು ಎದುರಿಸಿ ಬರೆದ ಪತ್ರಿಕೆಗಳು ನಿರ್ಬಂಧಕ್ಕೆ ಸಿಕ್ಕವು. 1940ರಲ್ಲಿ ಮೈಸೂರಿಗೆ ಹೊಸದೊಂದು ಪತ್ರಿಕಾ ಶಾಸನವೇ ಬಂದಿತು.

ಅದನ್ನು ನೋಡಲು ವೆಂಕಟಕೃಷ್ಣಯ್ಯನವರು ಇರಲಿಲ್ಲ. 1933ರ ನವೆಂಬರಿನಲ್ಲಿ, ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ, ಅವರು ಮೈಸೂರಿನಲ್ಲಿ ತೀರಿಕೊಂಡರು. ‘ಸಾಧ್ವಿ’ಯನ್ನು ಅವರ ಶಿಷ್ಯ ಅಗರಂ ರಂಗಯ್ಯನವರು ಮುಂದುವರಿಸಿದರು.